ವ್ಯಾಯಾಮ ಮಾಡಿದ್ರಾ ಅಂತ ಎಲ್ಲರೂ ಕೇಳುತ್ತಾರೆ

ಸ್ಟ್ರೋಕ್ ಆದವರನ್ನು ನೋಡಲು ಬರುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಎಲ್ಲ ಮನೆಯಲ್ಲೂ ಒಂದೇ. ಬಿಪಿ ಎಷ್ಟಿದೆ, ಶುಗರ್ ಇದೆಯಾ, ಮಾತ್ರೆ ತಪ್ಪದೆ ತಗೋತಿದ್ದೀರಾ, ವ್ಯಾಯಾಮ ಮಾಡ್ತಿದ್ದೀರಾ. ಕೊನೆಯದನ್ನು ಕೇಳುವಾಗ ಮಾತ್ರ ದನಿ ಸ್ವಲ್ಪ ಬದಲಾಗುತ್ತದೆ. ಹೋಂವರ್ಕ್ ಆಯ್ತಾ ಅಂತ ಮಕ್ಕಳನ್ನು ವಿಚಾರಿಸುವ ದನಿ ಅದು. ಉತ್ತರ ಬರುವುದೂ ಪಕ್ಕದಲ್ಲಿ ನಿಂತವರಿಂದ. 'ಎಲ್ಲಿ ಮಾಡ್ತಾರೆ, ಹೇಳಿ ಹೇಳಿ ನಮಗೇ ಸಾಕಾಯ್ತು' ಅಂತ ಮಗಳೋ ಸೊಸೆಯೋ ಹೇಳುತ್ತಾರೆ. ಮಂಚದ ಮೇಲೆ ಕೂತವರು ಗೋಡೆ ನೋಡುತ್ತಾರೆ.

ನನ್ನ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಹೋದ ವರ್ಷ ಆಷಾಢದಲ್ಲಿ ಸ್ಟ್ರೋಕ್ ಆಯಿತು. ಮಿದುಳಿನ ಎಡಭಾಗ, ಹಾಗಾಗಿ ಬಲಗೈ, ಬಲಗಾಲು. ಮಾತು ಕೆಲವು ವಾರ ತೊದಲಿ ಆಮೇಲೆ ಸರಿಹೋಯಿತು. ಕಾಲು ನಿಧಾನವಾಗಿ ಬಂತು. ಕೈ ಮಾತ್ರ ಹಿಂದೆ ಉಳಿಯಿತು. ಅವರ ಜೊತೆ ಆಸ್ಪತ್ರೆ, ಫಿಸಿಯೋ, ಮನೆ ಅಂತ ಓಡಾಡಿದಷ್ಟೂ ದಿನ ನನ್ನನ್ನು ಕೊರೆಯುತ್ತಿದ್ದದ್ದು ಒಂದೇ ವಿಷಯ. ವ್ಯಾಯಾಮ ಮಾಡಿದ್ರಾ ಅಂತ ಎಲ್ಲರೂ ಕೇಳುತ್ತಾರೆ. ನಿಮಗೆ ಯಾವ ಥರ ವ್ಯಾಯಾಮ ಮಾಡೋದು ಇಷ್ಟ ಅಂತ ಕೇಳುವವರು ಇಲ್ಲ. ಊಟಕ್ಕೆ ಕೂತರೆ ಏನು ಬಡಿಸಲಿ ಅಂತ ಕೇಳುತ್ತೇವೆ. ತಿಂಗಳುಗಟ್ಟಲೆ, ಎಷ್ಟೋ ಜನಕ್ಕೆ ವರ್ಷಗಟ್ಟಲೆ, ದಿನಾ ಮಾಡಬೇಕಾದ ಕೆಲಸದ ಬಗ್ಗೆ ಮಾತ್ರ ಅವರ ಮನಸ್ಸಲ್ಲಿ ಏನಿದೆ ಅಂತ ಯಾರಿಗೂ ತಿಳಿಯಬೇಕು ಅನ್ನಿಸುವುದಿಲ್ಲ.

ಡಿಸ್ಚಾರ್ಜ್ ಆಗುವ ದಿನ ಕೊಟ್ಟ ಹಾಳೆ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಗೆರೆಯಲ್ಲಿ ಬರೆದ ಒಂದು ಗಂಡಸಿನ ಚಿತ್ರ. ಅವನು ಕೈ ಎತ್ತುತ್ತಾನೆ, ಮೊಣಕೈ ಮಡಿಸುತ್ತಾನೆ, ಚೆಂಡು ಹಿಸುಕುತ್ತಾನೆ, ಕುರ್ಚಿಯಿಂದ ಏಳುತ್ತಾನೆ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ಒಂದೊಂದೂ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಾತ್ರೆ ಚೀಟಿಯ ಹಾಗೇ. ಹಾಳೆಯಲ್ಲಿದ್ದದ್ದು ತಪ್ಪೇನಲ್ಲ, ಎಲ್ಲವೂ ಬೇಕಾದ ವ್ಯಾಯಾಮಗಳೇ. ಆದರೆ ಮಾತ್ರೆಯನ್ನು ಮನಸ್ಸಿಲ್ಲದೆ ನುಂಗಿದರೂ ಅದು ತನ್ನ ಕೆಲಸ ಮಾಡುತ್ತದೆ. ವ್ಯಾಯಾಮ ಹಾಗಲ್ಲ.

ರಂಗೋಲಿ

ಅತ್ತೆ ಹನುಮಂತನಗರದಲ್ಲಿ ಇರುವುದು. ಆ ಕಡೆ ಓಡಾಡಿದವರಿಗೆ ಗೊತ್ತು, ರಸ್ತೆಗಳೆಲ್ಲ ಏರು ಇಳಿಜಾರು. ಮೂವತ್ತು ವರ್ಷಕ್ಕೂ ಜಾಸ್ತಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು. ಅವರ ಬೀದಿಯಲ್ಲಿ ಅವರ ರಂಗೋಲಿಗೆ ಒಂದು ಹೆಸರಿತ್ತು. ಧನುರ್ಮಾಸದಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರು ಅವರ ಮನೆ ಮುಂದೆ ನಿಂತು ನೋಡಿ ಹೋಗುತ್ತಿದ್ದರು. ಚುಕ್ಕಿ ಇಟ್ಟರೆ ಅಳತೆ ಹಿಡಿದು ಇಟ್ಟ ಹಾಗಿರುತ್ತಿತ್ತು.

ಹಾಳೆಯ ವ್ಯಾಯಾಮ ಮಾಡದೆ ಅತ್ತೆ ಮಲಗೇ ಇರುತ್ತಿದ್ದಾಗ ಅವರ ಮಗಳಿಗೆ ಒಂದು ಯೋಚನೆ ಬಂತು. ಅಮ್ಮನಿಗೆ ಇಷ್ಟವಾದದ್ದನ್ನೇ ವ್ಯಾಯಾಮ ಮಾಡಿಸಿದರೆ ಹೇಗೆ? ರಂಗೋಲಿ ಬಿಡಿಸುವುದಕ್ಕಿಂತ ಕೈಗೆ ಒಳ್ಳೆ ಕೆಲಸ ಬೇರೆ ಯಾವುದಿದೆ? ಎಲ್ಲರಿಗೂ ಸರಿ ಅನ್ನಿಸಿತು. ಗೌರಿ ಹಬ್ಬದ ಬೆಳಿಗ್ಗೆ ಬಾಗಿಲ ಮುಂದೆ ನೀರು ಹಾಕಿ, ಸಾರಿಸಿ, ಒಂದು ಗಿಡ್ಡ ಸ್ಟೂಲ್ ಇಟ್ಟು ಅತ್ತೆಯನ್ನು ಕೂರಿಸಿದೆವು. ಬಟ್ಟಲಲ್ಲಿ ಪುಡಿ.

ಅತ್ತೆ ಎಡಗೈಯಿಂದ ಬಲಗೈಯನ್ನು ಎತ್ತಿ ಬಟ್ಟಲಿಗೆ ಇಟ್ಟರು. ಬೆರಳುಗಳು ಪುಡಿಯನ್ನು ಹಿಡಿದವು. ಹಿಡಿದದ್ದು ಚೆನ್ನಾಗೇ ಹಿಡಿದವು. ಕೈಯನ್ನು ನೆಲದ ಮೇಲೆ ತಂದರು. ಅಲ್ಲಿಂದ ಮುಂದೆ ಏನೂ ಆಗಲಿಲ್ಲ. ಹೆಬ್ಬೆರಳು, ತೋರುಬೆರಳು ಒಂದನ್ನೊಂದು ಬಿಡಲೇ ಇಲ್ಲ. ಅತ್ತೆ ಬೆರಳನ್ನೇ ನೋಡುತ್ತಾ ಕೂತರು. ತುಟಿ ಬಿಗಿಯಾಯಿತು, ಹಣೆಯಲ್ಲಿ ಬೆವರು ಬಂತು. ಆಮೇಲೆ ಒಮ್ಮೆಗೇ ಕೈ ತೆರೆದುಕೊಂಡು ಇದ್ದ ಪುಡಿಯೆಲ್ಲ ಒಂದೇ ಜಾಗದಲ್ಲಿ ಸುರಿಯಿತು. ಎದುರು ಮನೆಯವರು ಗೇಟಿನಲ್ಲಿ ನಿಂತು, 'ಪರವಾಗಿಲ್ಲ ಟೀಚರ್, ನಿಧಾನಕ್ಕೆ ಬರುತ್ತೆ' ಅಂದರು. ಅತ್ತೆ ಒದ್ದೆ ಬಟ್ಟೆ ತರಿಸಿ ಎಡಗೈಯಲ್ಲೇ ಒರೆಸಿ ಒಳಗೆ ಹೋದರು. ಅವತ್ತು ಗೌರಿ ಪೂಜೆಗೆ ಬಂದವರ ಎದುರು ಕೂರಲೂ ಇಲ್ಲ. ಆಮೇಲೆ ಎಷ್ಟೋ ದಿನ ಆ ಕೈಯನ್ನು ಸೆರಗಿನ ಒಳಗೆ ಇಟ್ಟುಕೊಂಡೇ ಇರುತ್ತಿದ್ದರು.

ಸ್ಟ್ರೋಕ್ ಆದ ಕೈಯಲ್ಲಿ ಮುಷ್ಟಿ ಹಿಡಿಯುವ ಶಕ್ತಿ ಸಾಮಾನ್ಯವಾಗಿ ಮೊದಲು ಬರುತ್ತದೆ, ಬೆರಳು ಬಿಡಿಸುವುದು ತಡವಾಗಿ ಬರುತ್ತದೆ. ಮಡಿಸುವ ಸ್ನಾಯುಗಳಲ್ಲಿ ಬಿಗಿತ ಸೇರಿಕೊಳ್ಳುವುದರಿಂದ ಬಿಡಿಸುವುದು ಇನ್ನೂ ಕಷ್ಟ. ರಂಗೋಲಿಯಲ್ಲಿ ಹಿಡಿಯುವುದು ಒಂದು ಕ್ಷಣದ ಕೆಲಸ. ಉಳಿದದ್ದೆಲ್ಲ ಬಿಡುವ ಕೆಲಸ, ಅದೂ ಸಣ್ಣ ಸಣ್ಣದಾಗಿ, ಹದವಾಗಿ. ಆ ಕೈಗೆ ಅವತ್ತು ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದು ಇರಲಿಲ್ಲ ಅಂತ ಆಮೇಲೆ ಫಿಸಿಯೋ ಹೇಳಿದರು.

ಆದರೆ ಅತ್ತೆಗೆ ನೋವಾದದ್ದು ಸ್ನಾಯುವಿನ ವಿಷಯಕ್ಕಲ್ಲ. ಬಹಳ ದಿನ ಆದಮೇಲೆ, ಅವರೇ ಮಾತು ತೆಗೆದು ನನಗೆ ಹೇಳಿದರು. 'ಬಾರದೇ ಇರೋದನ್ನ ಕಲಿಯೋದು ಬೇರೆ ಕಣೇ. ಚೆನ್ನಾಗಿ ಬರ್ತಿದ್ದದ್ದನ್ನ ಕೆಟ್ಟದಾಗಿ ಮಾಡಿ ತೋರಿಸೋದು ಬೇರೆ.'

ಈ ಮಾತು ನನ್ನ ಯೋಚನೆಯನ್ನೇ ಬೇರೆ ಕಡೆ ತಿರುಗಿಸಿತು. ಇಷ್ಟ ಏನು ಅಂತ ಕೇಳಬೇಕು ಅನ್ನುವುದು ಸರಿ. ಆದರೆ ಕೇಳದೆ ನಾವೇ ಊಹಿಸಿದರೆ, ನಮ್ಮ ಊಹೆ ಯಾವಾಗಲೂ ಸ್ಟ್ರೋಕ್ ಆಗುವ ಮೊದಲು ಅವರು ಹೇಗಿದ್ದರು ಅನ್ನುವುದರ ಮೇಲೆ ನಿಂತಿರುತ್ತದೆ. ಅಡುಗೆ ಇಷ್ಟ ಇತ್ತು, ಅದಕ್ಕೆ ಚಪಾತಿ ಲಟ್ಟಿಸಲಿ. ಕ್ರಿಕೆಟ್ ಆಡ್ತಿದ್ದರು, ಅದಕ್ಕೆ ಚೆಂಡು ಎಸೆಯಲಿ. ಕೆಲವರಿಗೆ ಅದೇ ಸರಿಹೋಗಬಹುದು. ಇನ್ನು ಕೆಲವರಿಗೆ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದನ್ನು ಮುಟ್ಟುವುದೇ ಕೊನೆಯ ಹಂತ, ಮೊದಲ ಹಂತ ಅಲ್ಲ. ಸ್ಟ್ರೋಕ್ ಆದಮೇಲಿನ ಇಷ್ಟ ಬೇರೆಯೇ ಆಗಿರುತ್ತದೆ. ಅದನ್ನು ಹೊಸದಾಗಿ ಕೇಳಿ ತಿಳಿಯಬೇಕು.

ಕೇಳಿದ ಹುಡುಗಿ

ಕೇಳಿದ್ದು ಬಸವನಗುಡಿ ಕಡೆಯ ಒಂದು ಸಣ್ಣ ಫಿಸಿಯೋ ಸೆಂಟರಿನ ಹುಡುಗಿ. ಹಳೇ ಮನೆಯ ಕೆಳಗಿನ ಅಂತಸ್ತು, ಬಾಗಿಲಿಗೆ ಮೆಟ್ಟಿಲ ಬದಲು ಇಳಿಜಾರು. ಒಳಗೆ ನಡೆದಾಡಲು ಎರಡು ಕಂಬಿ, ಒಂದು ಸೈಕಲ್, ಗೂಟಗಳನ್ನು ಸಿಕ್ಕಿಸುವ ಹಲಗೆ, ದೊಡ್ಡ ಕನ್ನಡಿ. ಮೊದಲ ದಿನ ಆಕೆ ಅತ್ತೆಯ ಕೈ ಮುಟ್ಟುವ ಮೊದಲು ಎದುರು ಕುರ್ಚಿ ಎಳೆದುಕೊಂಡು ಕೂತಳು. ಒಬ್ಬರೇ ಮಾಡೋಕೆ ಇಷ್ಟಾನಾ ಅಮ್ಮಾ, ಜನ ಇದ್ದರೆ ಇಷ್ಟಾನಾ? ಬೆಳಿಗ್ಗೆನಾ, ಸಂಜೆನಾ? ನಾನು ಮಾಡಿ ತೋರಿಸಬೇಕಾ, ಬಾಯಲ್ಲಿ ಹೇಳಿದ್ರೆ ಸಾಕಾ? ಕನ್ನಡಿ ಮುಂದೆ ನಿಲ್ತೀರಾ? ಹಾಡು ಹಾಕ್ಲಾ? ಇವತ್ತು ಎಷ್ಟು ಮಾಡ್ತೀವಿ ಅಂತ ಮೊದಲೇ ಗೊತ್ತಿರಬೇಕಾ?

ಅತ್ತೆ ಮೊದಲು ನನ್ನ ಮುಖ, ಮಗಳ ಮುಖ ನೋಡಿದರು. 'ಅವರನ್ನ ನೋಡಬೇಡಿ, ನನಗೆ ಹೇಳಿ' ಅಂದಳು ಹುಡುಗಿ. ಅತ್ತೆ ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಬೆಳಿಗ್ಗೆ, ಸಂಜೆಗೆ ಸುಸ್ತು. ಕನ್ನಡಿ ಬೇಡ. ಹಾಡು ಬೇಡ, ಎಣಿಸೋದು ತಪ್ಪುತ್ತೆ. ಶುರು ಎಷ್ಟು ಗಂಟೆಗೆ, ಮುಗಿಯೋದು ಎಷ್ಟು ಗಂಟೆಗೆ ಅಂತ ಸರಿಯಾಗಿ ಇರಬೇಕು. ಮಾಡಿ ತೋರಿಸಿ. ಜನ ಇರಲಿ, ಆದರೆ ನನ್ನ ಥರದವರೇ ಇರಲಿ, ಚೆನ್ನಾಗಿರೋರು ಸುತ್ತ ನಿಂತು ನೋಡೋದು ಬೇಡ. ಕೊನೆಗೆ ಒಂದು ಕ್ಷಣ ತಡೆದು, 'ನನ್ನ ಮಗಳು ಹೊರಗೆ ಕೂತಿರಲಿ' ಅಂದರು.

ಮಗಳ ಮುಖ ಸಪ್ಪಗಾಯಿತು. ಆಗಬಾರದೇ ಮತ್ತೆ? ಆಫೀಸಿಗೆ ರಜೆ ಹಾಕಿ, ರಾತ್ರಿ ನಿದ್ದೆ ಬಿಟ್ಟು ನೋಡಿಕೊಂಡವಳು ಅವಳು. ಆದರೆ ಅತ್ತೆ ಹೇಳಿದ್ದರಲ್ಲಿ ಕೋಪ ಇರಲಿಲ್ಲ. ಮಗಳ ಎದುರು ಎಡವಲು ಅವರಿಗೆ ಆಗುತ್ತಿರಲಿಲ್ಲ, ಅಷ್ಟೇ. ಇನ್ನೊಬ್ಬ ಸ್ಟ್ರೋಕ್ ಆದವರ ಎದುರು ಎಡವಬಹುದಿತ್ತು.

ಇದು ನಮ್ಮತ್ತೆ ಒಬ್ಬರ ಗುಣ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಾಗ ಆಸ್ಟ್ರೇಲಿಯಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನ ಸಿಕ್ಕಿತು. ಸ್ಟ್ರೋಕ್ ಆದವರನ್ನೂ ಆಗದವರನ್ನೂ ಕೂರಿಸಿ, ನಿಮಗೆ ಎಂಥ ವ್ಯಾಯಾಮ ಇಷ್ಟ ಅಂತ ಕೇಳಿದ್ದರು. ಎರಡು ಗುಂಪಿನ ಉತ್ತರ ಬೇರೆ ಬೇರೆ ಇತ್ತು. ಸ್ಟ್ರೋಕ್ ಆದವರು ಗುಂಪಿನಲ್ಲಿ ಮಾಡುವುದು, ಜಿಮ್ಮಿನಂಥ ಅದಕ್ಕೇ ಇರುವ ಜಾಗದಲ್ಲಿ ಮಾಡುವುದು, ಒಂದು ಕ್ರಮ ಇರುವುದು, ಯಾರಾದರೂ ಮಾಡಿ ತೋರಿಸುವುದು, ಇವುಗಳ ಕಡೆ ಹೆಚ್ಚು ವಾಲಿದ್ದರು. ಅದರ ಜೊತೆಗೇ ಇನ್ನೊಂದು ಮಾತು. ಸ್ಟ್ರೋಕ್ ಆದವರ ಒಳಗೇ ಒಬ್ಬರಿಗೂ ಇನ್ನೊಬ್ಬರಿಗೂ ತುಂಬಾ ವ್ಯತ್ಯಾಸ. ನನಗೆ ಈ ಎರಡನೇ ಮಾತೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಗುಂಪು ಒಳ್ಳೇದು ಅಂತ ಎಲ್ಲರನ್ನೂ ಗುಂಪಿಗೆ ತಳ್ಳಿದರೆ ಅದೂ ಇನ್ನೊಂದು ಹಾಳೆಯೇ ಆಗುತ್ತದೆ.

ಅದಕ್ಕೆ ಸಾಕ್ಷಿ ಅದೇ ಸೆಂಟರಿನಲ್ಲಿ ಇದ್ದರು. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. ಎಡಗಾಲು ಎಳೆಯುತ್ತಿದ್ದರು. ಅವರಿಗೆ ಗುಂಪು ಆಗದು. ಜೀವನ ಪೂರ್ತಿ ಜನರ ನಡುವೆ ನಿಂತು ಸಾಕಾಗಿದೆ ತಾಯಿ, ಅಂತ ನನಗೆ ಹೇಳಿದರು. ಬ್ಯಾಚ್ ಮುಗಿದು ಎಲ್ಲ ಹೋದ ಮೇಲೆ ಬರುತ್ತಿದ್ದರು. ಕೈ ಎತ್ತಿ, ಕಾಲು ಮಡಚಿ ಅಂದರೆ ಮಾಡಿದ ಹಾಗೆ ಮಾಡಿ ಬಿಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಒಂದೇ, ಬಸ್ಸಿನ ಮೊದಲ ಮೆಟ್ಟಿಲು. ಹಳೇ ಬಸ್ಸಿನ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಅಂತ ಅವರು ಗೇಣು ಹಾಕಿ ತೋರಿಸಿದರು. ಹುಡುಗಿ ಮರದ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಮೊದಲ ವಾರ ಒಂದು ಹಲಗೆ. ಆಮೇಲೆ ಎರಡು. ಪಕ್ಕದಲ್ಲಿ ಬಸ್ಸಿನ ಕಂಬಿಯ ಹಾಗೆ ಒಂದು ಕಂಬಿ. ಆ ಹಲಗೆಯ ಎದುರು ನಿಂತರೆ ಆ ಮನುಷ್ಯ ಬೇರೆಯೇ ಆಗುತ್ತಿದ್ದರು. ಸಾಕು ಅಂತ ಹುಡುಗಿಯೇ ಹೇಳಬೇಕು, ಅವರು ಹೇಳುತ್ತಿರಲಿಲ್ಲ.

ಮನೆಯವರು ಮತ್ತು ಮಷಿನ್ನು

ಮಗಳನ್ನು ಹೊರಗೆ ಕೂರಿಸಿದ ವಿಷಯ ಬರೆಯುವಾಗ ಒಂದು ದೊಡ್ಡ ಅಧ್ಯಯನದ ನೆನಪಾಗುತ್ತದೆ. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದದ್ದು, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಫಿಸಿಯೋಗಳು ಸಾಕಷ್ಟಿಲ್ಲದ ದೇಶದಲ್ಲಿ ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರೆ ಹೇಗೆ ಅನ್ನುವುದು ಪ್ರಶ್ನೆ. ಒಳ್ಳೆ ಪ್ರಶ್ನೆಯೇ. ಆರು ತಿಂಗಳಾದ ಮೇಲೆ ನೋಡಿದರೆ, ತರಬೇತಿ ಪಡೆದ ಮನೆಗಳಲ್ಲೂ ಪಡೆಯದ ಮನೆಗಳಲ್ಲೂ ತೀರಿಕೊಂಡವರು ಅಥವಾ ಬೇರೆಯವರ ಆಸರೆ ಬೇಕಾದವರು ಸುಮಾರು 47 ಶೇಕಡಾ. ವ್ಯತ್ಯಾಸವೇ ಇಲ್ಲ. ಆ ಅಧ್ಯಯನ ಇಷ್ಟಾನಿಷ್ಟದ ಬಗ್ಗೆ ಅಲ್ಲ, ಅದರಿಂದ ನಾನು ಹೆಚ್ಚೇನೂ ಹಿಂಡಿ ತೆಗೆಯಲಾರೆ. ಆದರೂ ಮನೆಯೊಳಗೆ ಏನಾಗುತ್ತದೆ ಅಂತ ನೋಡಿದವಳಾಗಿ ನನಗೆ ಆಶ್ಚರ್ಯ ಆಗಲಿಲ್ಲ. ಮಗಳು ಟೀಚರ್ ಆಗುತ್ತಾಳೆ, ಟೀಚರ್ ಆಗಿದ್ದ ಅಮ್ಮ ಹಟ ಹಿಡಿದ ಮಗು ಆಗುತ್ತಾಳೆ. ಇಬ್ಬರಿಗೂ ಅದು ಬೇಡದ ಪಾತ್ರ. ಮನೆಯವರ ಪ್ರೀತಿಯಿಂದ ಎಷ್ಟೋ ಆಗುತ್ತದೆ. ಎಲ್ಲವೂ ಆಗುವುದಿಲ್ಲ.

ಇನ್ನು ಮಷಿನ್ನು. ಬೆಂಗಳೂರಿನಲ್ಲಿ ಈಗ ರೋಬೋ, ಬೆಲ್ಟಿನಲ್ಲಿ ತೂಗುಹಾಕಿ ನಡೆಸುವ ಟ್ರೆಡ್‌ಮಿಲ್ ಎಲ್ಲ ಬಂದಿವೆ. ಸಂಬಂಧಿಕರು ಫೋನ್ ಮಾಡಿ, ಅಲ್ಲಿಗೆ ಕರ್ಕೊಂಡು ಹೋಗಿ, ದುಡ್ಡು ನೋಡಬೇಡಿ ಅನ್ನುತ್ತಾರೆ. ಅಮೆರಿಕದಲ್ಲಿ 408 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಥ ಟ್ರೆಡ್‌ಮಿಲ್ ತರಬೇತಿಯನ್ನೂ ಫಿಸಿಯೋ ಮನೆಗೇ ಬಂದು ಮಾಡಿಸುವ ಸಾದಾ ಶಕ್ತಿ, ಬ್ಯಾಲೆನ್ಸ್ ವ್ಯಾಯಾಮವನ್ನೂ ಹೋಲಿಸಿದರು. ವರ್ಷ ಕಳೆದ ಮೇಲೆ ಸುಮಾರು ಅರ್ಧ ಜನರ ನಡಿಗೆ ಒಂದು ಹಂತ ಮೇಲೇರಿತ್ತು, ಯಾವ ಗುಂಪೂ ಇನ್ನೊಂದಕ್ಕಿಂತ ಮುಂದೆ ಇರಲಿಲ್ಲ. ಮಷಿನ್ ಬೇಡ ಅಂತ ನಾನು ಹೇಳುತ್ತಿಲ್ಲ. ಮಷಿನ್ ಇಷ್ಟಪಡುವವರೂ ಇದ್ದಾರೆ, ಅಂಕಿ ಏರುವುದನ್ನು ನೋಡಿದರೆ ಅವರಿಗೆ ಹುರುಪು. ಎರಡೂ ಒಂದೇ ಫಲ ಕೊಡುವಾಗ, ಯಾವುದು ಬೇಕು ಅನ್ನುವ ಮಾತನ್ನು ಅವರಿಗೇ ಬಿಟ್ಟರೆ ಏನು ನಷ್ಟ, ಅಲ್ವಾ?

ಬಲವಂತಕ್ಕೆ ಇನ್ನೊಂದು ರೂಪವೂ ಇದೆ. ಮೊದಲ ದಿನವೇ ಎಬ್ಬಿಸಿ ನಡೆಸಿ ಅಂತ ಆಸ್ಪತ್ರೆಯಲ್ಲಿ ಗಲಾಟೆ ಮಾಡುವವರನ್ನು ನೋಡಿದ್ದೇನೆ. 2,104 ರೋಗಿಗಳ ಮೇಲೆ ನಡೆದ ಅಂತರರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂದಾಗ ತಿಳಿದದ್ದು, 24 ಗಂಟೆಯ ಒಳಗೆ ಶುರು ಮಾಡಿ ಜಾಸ್ತಿ ಸಲ, ಜಾಸ್ತಿ ಹೊತ್ತು ಎಬ್ಬಿಸಿ ಓಡಾಡಿಸಿದವರ ಸ್ಥಿತಿ ಮೂರು ತಿಂಗಳ ಮೇಲೆ ಉಳಿದವರಿಗಿಂತ ಸ್ವಲ್ಪ ಹಿಂದೆಯೇ ಇತ್ತು ಅಂತ. ಯಾವಾಗ ಶುರು, ಎಷ್ಟು ಅನ್ನುವುದು ಡಾಕ್ಟರ್ ಮತ್ತು ಫಿಸಿಯೋ ಹೇಳಬೇಕಾದ್ದು. ಹಾಗೇ ಬಾಗಿಲಿಗೆ ಹಗ್ಗ ಕಟ್ಟಿ ರಾಟೆಯಲ್ಲಿ ಕೈಯನ್ನು ಮೇಲಕ್ಕೆ ಎಳೆಸುವುದು. ಎಷ್ಟೋ ಮನೆಯಲ್ಲಿ ಇದೆ. ಸ್ಟ್ರೋಕ್ ಆದ ಭುಜಕ್ಕೆ ಅದು ಬೇಡ ಅಂತ ಅಮೆರಿಕದ 2016ರ ಮಾರ್ಗಸೂಚಿಯಲ್ಲೇ ಇದೆ, ಭುಜದ ನೋವು ಹೆಚ್ಚುತ್ತದೆ. ಯಾರಾದರೂ ಅದನ್ನು ಮಾಡಲ್ಲ ಅಂದರೆ ಹಟ ಅನ್ನುವ ಮೊದಲು ಭುಜ ನೋಯ್ತಿದೆಯಾ ಅಂತ ಕೇಳಿ.

ಹಿತಕಬೇಳೆ

ಡಿಸೆಂಬರ್ ಬಂತು, ಮಾಗಡಿ ಕಡೆಯ ಅವರೆಕಾಯಿ ಬಂತು. ಬೆಂಗಳೂರಿನಲ್ಲಿ ಆ ಕಾಲದಲ್ಲಿ ಯಾರ ಮನೆಗೆ ಹೋದರೂ ಸೊಗಡು. ಸೆಂಟರಿಗೆ ಬರುತ್ತಿದ್ದ ಒಬ್ಬರು, ಅವರಿಗೂ ಬಲಗೈಯೇ, ಒಂದು ಬೆಳಿಗ್ಗೆ ಸ್ಟೀಲ್ ಡಬ್ಬಿಯ ತುಂಬಾ ರಾತ್ರಿ ನೆನೆಹಾಕಿದ ಅವರೆಕಾಳು ತಂದರು. ಸೊಸೆಗೆ ಆಫೀಸು, ಹಿತುಕೋಕೆ ಯಾರೂ ಇಲ್ಲ, ಇಲ್ಲೇ ಮಾಡೋಣ ಅಂದರು. ಹುಡುಗಿ ಗೂಟದ ಹಲಗೆ ಪಕ್ಕಕ್ಕಿಟ್ಟು ಮೇಜಿನ ಮಧ್ಯ ದೊಡ್ಡ ತಟ್ಟೆ ಇಟ್ಟಳು.

ಹಿತುಕುವುದು ಹೇಗೆ ಅಂತ ನಿಮಗೆ ಗೊತ್ತೇ ಇದೆ. ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಅತ್ತೆ ಎಡಗೈಯಿಂದ ಒಂದು ಕಾಳು ತೆಗೆದು ಬಲಗೈಯ ಬೆರಳಿಗೆ ಕೊಟ್ಟರು. ಒತ್ತಿದರು. ಬೇಳೆ ಹಾರಿ ಎದುರಿನವರ ಮಡಿಲಿಗೆ ಬಿತ್ತು. ಆ ಎದುರಿನವರ ಬೇಳೆ ಕೆಳಗೆ ಬಿತ್ತು. ಎಲ್ಲರದೂ ಹಾಗೇ. ಆದರೆ ಹಿತಕಬೇಳೆ ಯಾರ ಕೈಯಲ್ಲೂ ಹಾಗೇ ಅಲ್ವಾ, ಗಟ್ಟಿ ಕೈಯಲ್ಲೂ ಹಾರುತ್ತದೆ. ಸಿಪ್ಪೆಯನ್ನು ಬಿಡಬೇಕು ಅಂದರೆ ಬೆರಳು ತೆರೆಯಬೇಕು. ಬೆರಳು ತೆರೆಯದಿದ್ದರೆ ಅತ್ತೆ ತಟ್ಟೆಯ ಅಂಚಿಗೆ ಒರೆಸುತ್ತಿದ್ದರು, ಸಿಪ್ಪೆ ಬೀಳುತ್ತಿತ್ತು, ಮುಂದಿನ ಕಾಳು. ಸ್ವಲ್ಪ ಹೊತ್ತಾದ ಮೇಲೆ ಅಂಚಿಗೆ ಒರೆಸದೆಯೇ ಒಂದೆರಡು ಸಿಪ್ಪೆ ಬಿದ್ದವು. ಯಾರೂ ಅದರ ಬಗ್ಗೆ ಏನೂ ಹೇಳಲಿಲ್ಲ, ಅವರ ಗಮನ ಇದ್ದದ್ದು ಹಿತಕಬೇಳೆ ಸಾರಿಗೆ ತೆಂಗಿನಕಾಯಿ ಎಷ್ಟು ಹಾಕಬೇಕು ಅನ್ನುವುದರಲ್ಲಿ.

ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ರಂಗೋಲಿಯಲ್ಲಿ ಆಗದ್ದು ಇಲ್ಲಿ ಯಾಕೆ ಆಯಿತು? ಎರಡೂ ಅತ್ತೆಗೆ ಗೊತ್ತಿದ್ದ ಕೆಲಸವೇ. ಆದರೆ ರಂಗೋಲಿಗೆ ಅವರ ಹೆಸರಿತ್ತು. ರಾಶಿಯಲ್ಲಿ ಬಿದ್ದ ಬೇಳೆಗೆ ಯಾರ ಹೆಸರೂ ಇಲ್ಲ. ಒಂದು ಕಾಳು ಕೆಟ್ಟರೆ ಕೆಟ್ಟಿತು, ಇನ್ನೊಂದಿದೆ. ಎಷ್ಟಾಯಿತು ಅಂತ ಎಣಿಸುವವರಿಲ್ಲ.

ಎಣಿಕೆಯ ವಿಷಯ ಸಣ್ಣದಲ್ಲ. ಮಿದುಳು ಹೊಸ ದಾರಿ ಹುಡುಕಿಕೊಳ್ಳಬೇಕಾದರೆ ಒಂದೇ ಚಲನೆಯನ್ನು ತುಂಬಾ ಸಲ ಮಾಡಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ ಮಾಡಿಸುತ್ತಾರೆ. ಅಮೆರಿಕ, ಕೆನಡಾದ ಥೆರಪಿ ಕೋಣೆಗಳಲ್ಲಿ ಕೂತು ಎಣಿಸಿದವರು 2009ರಲ್ಲಿ ಬರೆದದ್ದು, ಕೈಯಿಂದ ಏನಾದರೂ ಕೆಲಸ ಮಾಡುವ ಚಲನೆ ಒಂದು ಸಲ ಥೆರಪಿಗೆ ಕೂತರೆ ಸರಾಸರಿ 32 ಅಂತ. ಅಷ್ಟೇ. ನೂರಾರು ಸಲ ಚೆಂಡು ಹಿಸುಕಿ ಅಂದರೆ ಯಾರು ಹಿಸುಕುತ್ತಾರೆ? ಒಂದು ಡಬ್ಬಿ ಅವರೆಕಾಳಿನಲ್ಲಿ ನೂರಾರು ಕಾಳಿದೆ. ಮಿದುಳು ಚೇತರಿಸಿಕೊಳ್ಳುವ ಬಗೆಯ ಬಗ್ಗೆ ಕ್ಲೈಮ್ ಮತ್ತು ಜೋನ್ಸ್ ಅನ್ನುವ ಇಬ್ಬರು ವಿಜ್ಞಾನಿಗಳು 2008ರಲ್ಲಿ ಹತ್ತು ತತ್ವ ಬರೆದರು. ಮತ್ತೆ ಮತ್ತೆ ಮಾಡಬೇಕು ಅನ್ನುವುದು ಅದರಲ್ಲಿ ಒಂದು. ಮಾಡುವ ಕೆಲಸ ಮಾಡುವವರಿಗೆ ಮುಖ್ಯ ಅನ್ನಿಸಬೇಕು ಅನ್ನುವುದು ಇನ್ನೊಂದು. ಅಂದರೆ ಮನಸ್ಸಿಗೆ ಹಿಡಿಸುವುದು ಅನ್ನುವುದು ವ್ಯಾಯಾಮಕ್ಕೆ ಮೇಲಿಂದ ಹಾಕುವ ಒಗ್ಗರಣೆ ಅಲ್ಲ, ಚಿಕಿತ್ಸೆಯ ಒಳಗಿನ ಭಾಗವೇ.

ಬೇಡ ಅಂದದ್ದು

ಹಾಗಂತ ಬೇಡ ಅಂದದ್ದನ್ನೆಲ್ಲ ಬಿಟ್ಟುಬಿಡಲು ಆಗುವುದಿಲ್ಲ. ಅತ್ತೆಗೆ ಕುರ್ಚಿಯಿಂದ ಎದ್ದು ಕೂರುವುದು ಮೊದಲಿನಿಂದಲೂ ಸೇರದು. ಆದರೆ ಅದಿಲ್ಲದೆ ಬಾತ್‌ರೂಮಿಗೆ ಒಬ್ಬರೇ ಹೋಗುವುದು ಹೇಗೆ? ಹುಡುಗಿ ಅದನ್ನು ಬಿಡಲಿಲ್ಲ. ಎಷ್ಟು ಸಲ ಅನ್ನುವುದರಲ್ಲಿ ಅತ್ತೆಯ ಮಾತಿಗೆ ಜಾಗ ಕೊಟ್ಟಳು, ಮಾಡಲೇಬೇಕು ಅನ್ನುವುದರಲ್ಲಿ ಕೊಡಲಿಲ್ಲ. ಮೊದಲು ಅದು, ಆಮೇಲೆ ಇಷ್ಟದ್ದು. ಶಾಲೆಯಲ್ಲಿ ಲೆಕ್ಕದ ಪೀರಿಯಡ್ಡನ್ನು ತಾವೂ ಬೆಳಿಗ್ಗೆಯೇ ಇಡುತ್ತಿದ್ದದ್ದು ಅಂತ ಅತ್ತೆ ಒಪ್ಪಿಕೊಂಡರು.

ಒಳ್ಳೆ ಕೈಗೆ ದಪ್ಪ ಗವಸು ಹಾಕಿ, ದುರ್ಬಲ ಕೈಯಿಂದಲೇ ಎಲ್ಲ ಮಾಡಿಸುವ ಒಂದು ಚಿಕಿತ್ಸೆ ಇದೆ. ಅಮೆರಿಕದಲ್ಲಿ 222 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಅದರಿಂದ ಒಳ್ಳೆ ಫಲ ಬಂದದ್ದು 2006ರಲ್ಲಿ ಪ್ರಕಟವಾಯಿತು. ಎಚ್ಚರ ಇರುವ ಹೊತ್ತಿನ ಬಹುಪಾಲು ಗವಸು ಇರಬೇಕು, ಎರಡು ವಾರ. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಅಲುಗುವವರಿಗೆ ಮಾತ್ರ ಅದು. ಅತ್ತೆಗೆ ಆಗಬಹುದಿತ್ತು. ಅತ್ತೆ ಒಂದೇ ಮಾತಿನಲ್ಲಿ ಆಗಲ್ಲ ಅಂದರು. ಬಲಗೈಯಲ್ಲಿ ಅನ್ನ ಕಲಸಲಾರದೆ, ಎಡಗೈಯಲ್ಲಿ ಸ್ಪೂನ್ ಹಿಡಿದು ನಾಲ್ಕು ಜನರ ನಡುವೆ ಉಣ್ಣಲು ನಾಚಿ, ಒಬ್ಬರೇ ಕೂತು ಉಣ್ಣುತ್ತಿದ್ದ ಕಾಲ ಅದು. ಆ ಎಡಗೈಯನ್ನೂ ಕಟ್ಟಿಹಾಕಿ ಅಂದರೆ ಹೇಗೆ ಒಪ್ಪುತ್ತಾರೆ? ಫಲ ಇದೆ ಅನ್ನುವುದು ಒಂದು, ಇವರು ತಾಳುತ್ತಾರಾ ಅನ್ನುವುದು ಇನ್ನೊಂದು. ಹುಡುಗಿ ಒತ್ತಾಯ ಮಾಡದೆ, ಅವಲಕ್ಕಿ ತಿನ್ನುವಾಗ ಮಾತ್ರ ಬಲಗೈ ಅಂತ ಮಾತು ಮಾಡಿಕೊಂಡಳು. ಅದಕ್ಕೆ ಅತ್ತೆ ಒಪ್ಪಿದರು.

ಸುಸ್ತಿನ ಬಗ್ಗೆಯೂ ಹೇಳಲೇಬೇಕು. ಸ್ಟ್ರೋಕ್ ಆದವರಲ್ಲಿ ಸುಮಾರು ಅರ್ಧ ಜನಕ್ಕೆ ಒಂದು ಥರದ ಆಯಾಸ ಉಳಿಯುತ್ತದೆ, ಎಷ್ಟು ಮಲಗಿದರೂ ಹೋಗದ್ದು. ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಎರಡೂ ಹೊರಗಿನಿಂದ ನೋಡಿದರೆ ಸೋಮಾರಿತನದ ಹಾಗೇ ಕಾಣುತ್ತವೆ. ಇವರಿಗೆ ಮನಸ್ಸೇ ಇಲ್ಲ, ಕೂತಲ್ಲೇ ಕೂತಿರ್ತಾರೆ ಅನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಮಾತು ಆಡುವವರು ಡಾಕ್ಟರ ಹತ್ತಿರ ಇದನ್ನು ಬಿಡಿಸಿ ಹೇಳಬೇಕು. ಖಿನ್ನತೆಗೆ ಔಷಧಿ ಇದೆ. ಸುಸ್ತಿಗೆ ಹೊತ್ತು ಬದಲಾಯಿಸಬಹುದು. ಅತ್ತೆಯ ವ್ಯಾಯಾಮವನ್ನು ಸಂಜೆಯಿಂದ ಬೆಳಿಗ್ಗೆಗೆ ತಂದದ್ದೇ ಅರ್ಧ ಗೆದ್ದ ಹಾಗೆ ಆಯಿತು.

ಕೈಕಾಲು ಮಡಿಸುವುದರ ಜೊತೆಗೆ ಉಸಿರು ಸ್ವಲ್ಪ ಏರುವಂಥದ್ದೂ ಬೇಕು. ಅಮೆರಿಕದ ಹೃದಯ ಸಂಘದ 2014ರ ಸಲಹೆ, ವಾರಕ್ಕೆ 3ರಿಂದ 5 ದಿನ, 20ರಿಂದ 60 ನಿಮಿಷ, ಜೊತೆಗೆ 2-3 ದಿನ ಶಕ್ತಿ ವ್ಯಾಯಾಮ. ಡಾಕ್ಟರ್ ಒಪ್ಪಿದ ಮೇಲೆಯೇ. ಹೆಚ್ಚಿನವರಿಗೆ ಅದು ಅಂದರೆ ನಡಿಗೆ. ನಮ್ಮ ಊರಿನಲ್ಲಿ ಅದನ್ನು ಎಲ್ಲಿ ಮಾಡುವುದು? ಫುಟ್‌ಪಾತಿನ ಕಲ್ಲು ಒಂದು ಮೇಲೆ, ಒಂದು ಕೆಳಗೆ, ನಡುವೆ ಟ್ರಾನ್ಸ್‌ಫಾರ್ಮರ್. ಪಾದ ಎತ್ತಲಾರದವರಿಗೆ ಒಂದು ಇಂಚಿನ ಏರುಪೇರು ಸಾಕು ಬೀಳಲು. ಎಷ್ಟೋ ಪಾರ್ಕಿನ ಗೇಟು ಬೈಕ್ ನುಗ್ಗದ ಹಾಗೆ ಮಾಡಿದ ಸುತ್ತುವ ಗೇಟು, ನಾಲ್ಕು ಕಾಲಿನ ಕೋಲು ಹಿಡಿದವರು ಅದರೊಳಗೆ ಸಿಕ್ಕಿಕೊಳ್ಳುತ್ತಾರೆ. ಒಳಗೆ ಹೋದರೆ ಬೆಂಚಿಗೆ ಕೈ ಇರುವುದಿಲ್ಲ, ಏಳುವುದು ಹೇಗೆ? ಓಪನ್ ಜಿಮ್ಮಿನ ಉಪಕರಣಗಳೆಲ್ಲ ಎರಡು ಕೈಯಲ್ಲಿ ಹಿಡಿಯಬೇಕಾದವು. ವಾಕಿಂಗ್ ಇಷ್ಟ ಅಂತ ಹೇಳುವವರಿಗೂ ಈ ಊರು ಜಾಗ ಮಾಡಿಕೊಟ್ಟಿಲ್ಲ. ಪಾರ್ಕಿಗೆ ಒಂದು ಅಗಲದ ಬಾಗಿಲು, ಟ್ರ್ಯಾಕಿನ ಒಂದು ಬದಿಗೆ ಸ್ವಲ್ಪ ದೂರ ಕಂಬಿ, ಕೈ ಇರುವ ನಾಲ್ಕು ಬೆಂಚು. ಇಷ್ಟು ಮಾಡಿಸಲು ವಾರ್ಡಿನಲ್ಲಿ ಕೇಳುವವರು ಬೇಕು, ನಾವು ಕೇಳಲು ಶುರು ಮಾಡಿದ್ದೇವೆ.

ಕಂಡಕ್ಟರ್ ಅವರು ಈಗ ಮೂರು ಹಲಗೆ ಹತ್ತುತ್ತಾರೆ. ಆದರೆ ಬಸ್ಸು ಫುಟ್‌ಪಾತಿಗೆ ಒತ್ತಿ ನಿಲ್ಲದೆ ರಸ್ತೆ ಮಧ್ಯ ನಿಂತರೆ ಮೂರು ಹಲಗೆ ಸಾಲದು, ನಾಲ್ಕಾಗಬೇಕು. ನಾಲ್ಕನೇದನ್ನು ಹುಡುಗಿ ಇನ್ನೂ ಇಟ್ಟಿಲ್ಲ. ಅತ್ತೆ ತಮ್ಮ ಬೀದಿಯ ಮೇಲಿರುವ ರಾಮಾಂಜನೇಯ ಗುಡ್ಡ ಹತ್ತಬೇಕು ಅಂತ ಹೊಸದಾಗಿ ಹೇಳಿದ್ದಾರೆ. ಹತ್ತಿದ್ದು ಹಳೇ ಮಾತು, ಈಗ್ಯಾಕೆ ಅಂತ ಮಗಳು ಕೇಳಿದರೆ, ಅಲ್ಲಿ ಯಾರ ಹತ್ತಿರವೂ ಪೈಪೋಟಿ ಇಲ್ಲ, ಎಲ್ಲರೂ ನಿಧಾನಕ್ಕೇ ಹತ್ತುತ್ತಾರೆ ಅಂದರು. ಸದ್ಯಕ್ಕೆ ಸೆಂಟರಿನ ಮೆಟ್ಟಿಲಲ್ಲಿ ಅಭ್ಯಾಸ ನಡೆದಿದೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ದುರ್ಬಲ ಕಾಲು ಮೊದಲು. ಹತ್ತುವುದು ಬಂದಿದೆ. ಕಂಬಿ ಹಿಡಿಯದೆ ಇಳಿದು ತೋರಿಸಿದ ಮೇಲೆ ಗುಡ್ಡದ ಮಾತು ಅಂತ ಹುಡುಗಿ ಹೇಳಿದ್ದಾಳೆ, ಅತ್ತೆ ಅದಕ್ಕೆ ಯುಗಾದಿ ಅಂತ ಗಡುವು ಇಟ್ಟುಕೊಂಡಿದ್ದಾರೆ.